ದೂರು ಕೊಡುವ ಮುನ್ನ ಅಳೆದು ನೋಡೋಣ

ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಾವು ಮೊದಲು ಮಾಡುವ ಕೆಲಸವೇನು? ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡುತ್ತೇವೆ. ಪಕ್ಕದ ಮನೆಯವರಿಗೂ ಹೀಗೆಯೇ ಆಗಿದೆಯೇ ಎಂದು ವಿಚಾರಿಸುತ್ತೇವೆ. ನಲ್ಲಿಯ ಬಾಯಲ್ಲಿ ಕಸ ಸಿಕ್ಕಿದೆಯೇ ಎಂದು ಪರೀಕ್ಷಿಸುತ್ತೇವೆ. ಇಷ್ಟಾದ ಮೇಲೆಯೇ ಪುರಸಭೆಗೆ ದೂರು ಹೋಗುವುದು. ಆದರೆ ಮನೆಗೆ ಬರುವ ಅಂತರಜಾಲ ಸಣ್ಣಗಾದರೆ ನಾವು ಹೀಗೆ ಮಾಡುವುದಿಲ್ಲ. ಕೂಡಲೆ ಫೋನನ್ನೆತ್ತಿಕೊಂಡು ಸೇವೆ ಒದಗಿಸುವ ಸಂಸ್ಥೆಯವರನ್ನು ತರಾಟೆಗೆ ತೆಗೆದುಕೊಳ್ಳುತ್ತೇವೆ. ಭೌತವಿಜ್ಞಾನವನ್ನು ಕಲಿಸಿ ಹೊಟ್ಟೆ ಹೊರೆಯುವ ನಾವೇ ಹೀಗೆ ನಡೆದುಕೊಂಡು ನಗೆಪಾಟಲಿಗೀಡಾದ ಒಂದು ಪ್ರಸಂಗವನ್ನೂ, ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಡೆದ ಸಂಗತಿ

ನಾವಿರುವುದು ಒಂದು ತಾಲ್ಲೂಕು ಕೇಂದ್ರದಲ್ಲಿ, ಬಾಡಿಗೆಯ ಮನೆಯಲ್ಲಿ. ಹೊಸ ಉಪಕರಣಗಳನ್ನು ತಂದು ಬಿಚ್ಚಿ ನೋಡುವ ಗೀಳು ನಮಗೆ ಮೊದಲಿನಿಂದಲೂ ಉಂಟು. ಊರಿಗೆ ಫೈಬರ್ ಕೇಬಲ್ ಬಂದಾಗ ನಮ್ಮ ಬೀದಿಯಲ್ಲಿ ಅದನ್ನು ಮೊದಲು ಹಾಕಿಸಿಕೊಂಡವರು ನಾವೇ. ಸೆಕೆಂಡಿಗೆ ೧೦೦ ಮೆಗಾಬಿಟ್ಟುಗಳವರೆಗಿನ ವೇಗ ಎಂಬುದು ಸಂಸ್ಥೆಯವರ ಕರಾರು.

ನಮ್ಮ ಅಕ್ಕನ ಮಗಳು ನಮ್ಮಲ್ಲಿಯೇ ಇದ್ದು ಎಂ.ಎಸ್‌ಸಿ. ಮುಗಿಸಿದವಳು. ಕಳೆದ ಆಷಾಢದಲ್ಲಿ ದೂರದ ಸಂಶೋಧನ ಸಂಸ್ಥೆಯೊಂದು ಆಕೆಯನ್ನು ಸಂದರ್ಶನಕ್ಕೆ ಕರೆಯಿತು. ಈಗಿನ ಪದ್ಧತಿಯಂತೆ ಸಂದರ್ಶನ ನಡೆಯುವುದು ಗಣಕದ ತೆರೆಯ ಮೇಲೆಯೇ. ಹುಡುಗಿ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಕಾಲು ಗಂಟೆಯ ತರುವಾಯ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದಳು. “ಮಾಮ, ಅವರು ಕೇಳಿದ್ದು ನನಗೆ ಅರ್ಧ ಕೇಳಿಸಿತು, ನಾನು ಹೇಳಿದ್ದು ಅವರಿಗೆ ಅರ್ಧವೂ ಕೇಳಿಸಲಿಲ್ಲ” ಎಂದಳು. ಪುಣ್ಯಕ್ಕೆ ಸಂದರ್ಶಕರು ಸಹೃದಯರು; ಹನ್ನೆರಡು ದಿನಗಳ ಅನಂತರ ಇನ್ನೊಂದು ಅವಕಾಶವನ್ನು ಕೊಟ್ಟರು.

ನಾವು ಗ್ರಾಹಕ ಸೇವಾ ಕೇಂದ್ರಕ್ಕೆ ಫೋನು ಮಾಡಿದೆವು. ಕನ್ನಡಕ್ಕೆ ಒಂದನ್ನು ಒತ್ತಿ, ದೂರಿಗೆ ಮೂರನ್ನು ಒತ್ತಿ, ಒಂದೇ ಸಂಗೀತದ ತುಣುಕನ್ನು ಹತ್ತಾರು ಸಲ ಆಲಿಸಿದ ಮೇಲೆ ಒಬ್ಬ ತರುಣಿಯ ಧ್ವನಿ ಕೇಳಿಸಿತು. “ರೂಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿ ಸರ್” ಎಂದಿತು ಆ ಧ್ವನಿ. ಮಾಡಿದೆವು. ದೂರು ದಾಖಲಾಯಿತು. ಮರುದಿನ, ಯಾರೊಬ್ಬರೂ ಮನೆಯ ಕಡೆಗೆ ತಲೆಹಾಕದಿದ್ದರೂ, “ನಿಮ್ಮ ದೂರನ್ನು ಪರಿಹರಿಸಲಾಗಿದೆ” ಎಂಬ ಸಂದೇಶ ಬಂದಿತು. ಎರಡನೆಯ ಸಲವೂ ಹೀಗೆಯೇ ಆಯಿತು. ಆಗ ನಾವು ಆಡಬಾರದ ಎರಡು ಮಾತುಗಳನ್ನು ಆಡಿ ಫೋನನ್ನು ಇಟ್ಟೆವು. ಇದನ್ನೆಲ್ಲ ನೋಡುತ್ತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಮಾಮ, ಪ್ರಯೋಗಾಲಯದಲ್ಲಿ ಹುಡುಗರು ಏನನ್ನೂ ಅಳೆಯದೆ ಉತ್ತರ ಬರೆದರೆ ನೀವು ಒಪ್ಪುತ್ತೀರಾ?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅಳೆಯತೊಡಗಿದೆವು.

ನೂರು ಎಂದರೆ ಎಷ್ಟು?

ಮೊದಲು ಏಕಮಾನವನ್ನು ಸರಿಯಾಗಿ ತಿಳಿಯಬೇಕು. ಸಂಸ್ಥೆಯವರು ವೇಗವನ್ನು ಹೇಳುವುದು ಬಿಟ್ಟುಗಳಲ್ಲಿ. ನಮ್ಮ ಗಣಕ ಕಡತಗಳ ಗಾತ್ರವನ್ನು ತೋರುವುದು ಬೈಟುಗಳಲ್ಲಿ. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಆದುದರಿಂದ ಸೆಕೆಂಡಿಗೆ ೧೦೦ ಮೆಗಾಬಿಟ್ ಎಂದರೆ ೧೨.೫ ಮೆಗಾಬೈಟ್ ಮಾತ್ರ. ಒಂದು ಗಿಗಾಬೈಟಿನ ಚಲನಚಿತ್ರವೊಂದು ಹತ್ತು ಸೆಕೆಂಡುಗಳಲ್ಲಿ ಇಳಿಯಬೇಕೆಂದು ನಿರೀಕ್ಷಿಸುವವನು ಸೇರನ್ನೂ ಪಾವನ್ನೂ ಒಂದೇ ಎಂದು ಭಾವಿಸಿದಂತಾಯಿತು. ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಅದಕ್ಕೆ ೮೦ ಸೆಕೆಂಡುಗಳು ಬೇಕು.

ಕರಾರಿನಲ್ಲಿರುವ “ವರೆಗೆ” ಎಂಬ ಪದವನ್ನೂ ಗಮನಿಸಬೇಕು. ಮನೆಮನೆಗೆ ಬರುವ ಫೈಬರ್ ವ್ಯವಸ್ಥೆಗಳಲ್ಲಿ ಬಹು ಬಳಕೆಯಲ್ಲಿರುವುದಕ್ಕೆ ಜಿಪಾನ್ ಎಂದು ಹೆಸರು. ಇದರಲ್ಲಿ ಕೇಂದ್ರದಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಕವಲೊಡೆದು ೩೨ ಮನೆಗಳಿಗೋ ಇನ್ನೂ ಹೆಚ್ಚು ಮನೆಗಳಿಗೋ ಹಂಚಿಹೋಗುತ್ತದೆ. ಆ ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು ೨,೪೮೮ ಮೆಗಾಬಿಟ್. ೩೨ ಮನೆಯವರೂ ಏಕಕಾಲದಲ್ಲಿ ಪೂರ್ಣ ಬೇಡಿಕೆಯನ್ನಿಟ್ಟರೆ ತಲೆಗೆ ಬರುವುದು ೭೮ ಮೆಗಾಬಿಟ್ಟಿಗಿಂತ ಕಡಿಮೆಯೇ. ಎಲ್ಲರೂ ಒಟ್ಟಿಗೆ ಕೇಳುವುದು ಅಪರೂಪವೆಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಇದರಲ್ಲಿ ಮೋಸವೇನೂ ಇಲ್ಲ. ಊರ ಬಸ್ಸುಗಳೂ ನೀರಿನ ಕೊಳಾಯಿಗಳೂ ಇದೇ ನಂಬಿಕೆಯ ಮೇಲೆ ನಡೆಯುವುವು. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಬೇಕಾದರೆ ಸೆಕೆಂಡಿಗೆ ಕನಿಷ್ಠ ೨ ಮೆಗಾಬಿಟ್ ವೇಗವಿರಬೇಕೆಂದು ಸರ್ಕಾರ ೨೦೨೩ರಲ್ಲಿ ನಿಗದಿಮಾಡಿತು. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದು ಇದರಿಂದ ವಿಶದವಾಗುತ್ತದೆ.

ಮನೆಯೊಳಗಿನ ತಪ್ಪು

ನಮ್ಮ ಮೊದಲನೆಯ ಅಳತೆ ಹೀಗಿತ್ತು. ಹುಡುಗಿ ಸಂದರ್ಶನಕ್ಕೆ ಕುಳಿತಿದ್ದ ಹಿಂದಿನ ಕೋಣೆಯಲ್ಲಿ ವೈಫೈ ಮೂಲಕ ವೇಗವನ್ನು ಅಳೆದಾಗ ಸೆಕೆಂಡಿಗೆ ೧೧ ಮೆಗಾಬಿಟ್ ಬಂದಿತು. “ನೋಡಿದಿರಾ, ನೂರರಲ್ಲಿ ಹನ್ನೊಂದು!” ಎಂದು ನಾವು ಫೋನಿನಲ್ಲಿ ಗರ್ಜಿಸಿದ್ದು ಈ ಸಂಖ್ಯೆಯನ್ನು ಹಿಡಿದುಕೊಂಡೇ. ಈಗ ಗಣಕವನ್ನು ರೂಟರಿನ ಬಳಿಗೆ ಒಯ್ದು ತಂತಿಯಿಂದಲೇ ನೇರವಾಗಿ ಜೋಡಿಸಿ ಮತ್ತೆ ಅಳೆದೆವು. ಬಂದದ್ದು ೯೪! ಉಳಿದ ಆರೂ ಎಲ್ಲಿಯೂ ಸೋರಿಹೋಗಿರಲಿಲ್ಲ. ಕಳುಹಿಸುವ ಸುದ್ದಿಯನ್ನೆಲ್ಲ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಪ್ರತಿಯೊಂದರ ಮೇಲೂ ವಿಳಾಸವನ್ನು ಬರೆಯಬೇಕಾದುದರಿಂದ ಆ ವಿಳಾಸದ ಖರ್ಚಿಗೆ ಸಂದಿತ್ತು. ಎಂದರೆ ಸಂಸ್ಥೆಯವರು ಬಾಗಿಲಿಗೆ ತಂದೊಪ್ಪಿಸಿದ್ದ ೯೪ರಲ್ಲಿ ೮೩ನ್ನು ನಾವು ನಮ್ಮ ಮನೆಯೊಳಗೇ ಕಳೆದುಕೊಂಡಿದ್ದೆವು.

ಇದಕ್ಕೆ ಕಾರಣವೇನು? ವೈಫೈ ಎಂಬುದು ರೇಡಿಯೋ ಅಲೆ. ಅದಕ್ಕೆ ಮೀಸಲಾದ ಆವೃತ್ತಿಗಳಲ್ಲಿ ಹಳೆಯದು ೨.೪ ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ ೧೨.೫ ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣಿಗಿಂತ ಚಿಕ್ಕದು. ಇನ್ನೊಂದು ೫ ಗಿಗಾಹರ್ಟ್ಸಿನ ಸುತ್ತಲಿನದು. ಅದರ ತರಂಗದೂರ ಸುಮಾರು ೬ ಸೆಂಟಿಮೀಟರ್. ಎರಡನೆಯದು ಹೆಚ್ಚು ವೇಗವನ್ನು ಕೊಡಬಲ್ಲುದಾದರೂ ಗೋಡೆಗಳನ್ನು ದಾಟುವುದರಲ್ಲಿ ಮೊದಲನೆಯದಕ್ಕಿಂತ ದುರ್ಬಲ. ಲೋಹದ ಹಾಳೆಯಂತೂ ಎರಡನ್ನೂ ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ. ನೀರು ಅವುಗಳನ್ನು ಹೀರಿಕೊಳ್ಳುತ್ತದೆ. ಅಡಿಗೆಮನೆಯ ಮೈಕ್ರೋವೇವ್ ಒಲೆ ನಡೆಯುವುದು ೨.೪೫ ಗಿಗಾಹರ್ಟ್ಸಿನಲ್ಲಿ, ಅದರಿಂದ ಸ್ವಲ್ಪವೇ ಸೋರಿದರೂ ಹಳೆಯ ಆವೃತ್ತಿಯ ವೈಫೈಗೆ ಅದು ಸಂತೆಯ ಗದ್ದಲವಾಗುತ್ತದೆ.

ನಮ್ಮ ರೂಟರ್ ಎಲ್ಲಿತ್ತು? ನೋಡಲು ಚೆನ್ನಾಗಿರುವುದಿಲ್ಲವೆಂದು ಕಬ್ಬಿಣದ ಬೀರುವಿನ ಹಿಂದೆ! ಹಿಂದಿನ ಕೋಣೆಗೂ ಅದಕ್ಕೂ ನಡುವೆ ಬೀರು, ಒಂದೂವರೆ ಅಡಿಯ ಕಲ್ಲಿನ ಗೋಡೆ, ನೀರು ತುಂಬಿದ ಡ್ರಮ್ಮು. ಪಾಠಮಾಡುವವನ ಮನೆಯಲ್ಲಿಯೇ ಪಾಠದ ಗತಿ ಹೀಗಿತ್ತು. ರೂಟರನ್ನು ನಡುಮನೆಯ ಎತ್ತರದ ಗೂಡಿಗೆ ಸಾಗಿಸಿದೆವು. ಹಿಂದಿನ ಕೋಣೆಯಲ್ಲಿ ವೇಗ ೧೧ರಿಂದ ೬೨ಕ್ಕೇರಿತು. ನಮ್ಮ ಮೊದಲ ದೂರು ಅಲ್ಲಿಗೆ ಸುಳ್ಳಾಯಿತು.

ಪ್ರತಿಧ್ವನಿಯ ಪರೀಕ್ಷೆ

ಆದರೆ ತೊಂದರೆ ಪೂರ್ತಿ ಹೋಗಲಿಲ್ಲ. ಆ ಸಂಜೆ ಹುಡುಗಿ ಗೆಳತಿಯೊಡನೆ ಮಾತಾಡಿ ನೋಡಿದಳು. ಹತ್ತು ನಿಮಿಷ ಸೊಗಸಾಗಿ ನಡೆದ ಮಾತು ಇದ್ದಕ್ಕಿದ್ದಂತೆ ಹರಿದುಹೋಯಿತು. ಕಾಲು ನಿಮಿಷದಲ್ಲಿ ಮತ್ತೆ ಕೂಡಿಕೊಂಡಿತು. ವೇಗವನ್ನು ಅಳೆದರೆ ೯೪ ಎಂದೇ ಬರುತ್ತಿದೆ! ಇದು ಹೇಗೆ?

ಇಲ್ಲಿ ನಮಗೆ ನೆರವಾದುದು ಪಿಂಗ್ ಎಂಬ ಒಂದು ಪುಟ್ಟ ಸಾಧನ. ಇದು ಬಹುಪಾಲು ಎಲ್ಲ ಗಣಕಗಳಲ್ಲಿಯೂ ಇರುವಂಥದು. ಅಮೆರಿಕದ ಮೈಕ್ ಮ್ಯೂಸ್ ಎಂಬವರು ೧೯೮೩ರಲ್ಲಿ ಇದನ್ನು ರಚಿಸಿದರು. ಸಮುದ್ರದಡಿಯ ವಸ್ತುಗಳನ್ನು ಪತ್ತೆಹಚ್ಚಲು ಹಡಗಿನಿಂದ ಹೊರಡಿಸುವ ಸೋನಾರ್ ಶಬ್ದದಿಂದ ಇದಕ್ಕೆ ಹೆಸರು ಬಂದಿತು. ನಮ್ಮ ಗಣಕ ದೂರದ ಯಂತ್ರವೊಂದಕ್ಕೆ “ಇದ್ದೀಯಾ?” ಎಂಬ ಪೊಟ್ಟಣವನ್ನು ಕಳುಹಿಸುತ್ತದೆ, ಅದು “ಇದ್ದೇನೆ” ಎಂದು ಮರಳಿಸುತ್ತದೆ. ಹೋಗಿಬರಲು ಹಿಡಿದ ಕಾಲವನ್ನು ಗಣಕ ಗುರುತುಹಾಕಿಕೊಳ್ಳುತ್ತದೆ. ಬಂಡೆಗೆ ಕೂಗಿ ಪ್ರತಿಧ್ವನಿಯನ್ನು ಆಲಿಸುವಂತೆಯೇ ಇದು.

ಈ ಕಾಲಕ್ಕೆ ನಿಸರ್ಗವೇ ಒಂದು ಮೇರೆಯನ್ನು ಹಾಕಿದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಮೈಮೇಲಿನ ನೇರ ದಾರಿಯಲ್ಲಿಯೇ ಸುಮಾರು ೧೪,೦೦೦ ಕಿಲೋಮೀಟರ್. ಹೋಗಿಬರುವ ೨೮,೦೦೦ ಕಿಲೋಮೀಟರಿಗೆ ೧೪೦ ಮಿಲಿಸೆಕೆಂಡುಗಳು ಬೇಕೇಬೇಕು. ಕೇಬಲ್ಲಿನ ದಾರಿ ಸುತ್ತುಬಳಸಾದುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಅಲ್ಲಿನ ಗಣಕ ತಡವಾಗಿ ಉತ್ತರಿಸಿತೆಂದು ಯಾವ ಗ್ರಾಹಕ ಸೇವಾ ಕೇಂದ್ರಕ್ಕೆ ದೂರು ಕೊಟ್ಟೂ ಪ್ರಯೋಜನವಿಲ್ಲ. ಅದು ಬೆಳಕಿನ ಮೇಲಿನ ದೂರು.

ನಾವು ಸೆಕೆಂಡಿಗೊಂದರಂತೆ ಒಂದು ಗಂಟೆಯ ಕಾಲ, ಎಂದರೆ ೩,೬೦೦ ಪೊಟ್ಟಣಗಳನ್ನು, ಎರಡು ಗುರಿಗಳಿಗೆ ಏಕಕಾಲದಲ್ಲಿ ಕಳುಹಿಸಿದೆವು. ಒಂದು ನಮ್ಮದೇ ರೂಟರ್. ಇನ್ನೊಂದು ಸಂಸ್ಥೆಯವರ ಮೊದಲನೆಯ ನಿಲ್ದಾಣ. ರೂಟರಿನಿಂದ ೩,೬೦೦ ಪ್ರತಿಧ್ವನಿಗಳೂ ಮರಳಿದುವು. ನಿಲ್ದಾಣದಿಂದ ಮರಳಿದುವು ೩,೪೬೮. ಕಳೆದುಹೋದ ೧೩೨ ಗಂಟೆಯುದ್ದಕ್ಕೂ ಚೆದರಿರಲಿಲ್ಲ. ಹತ್ತು ಹದಿನೈದು ಸೆಕೆಂಡುಗಳ ಒಂಬತ್ತು ಗುಂಪುಗಳಲ್ಲಿ ಕೂಡಿದ್ದುವು. ಒಳಗೆ ಎಲ್ಲವೂ ಸರಿ, ಹೊರಗೆ ಎಲ್ಲಿಯೋ ಕೊಂಡಿ ಕಳಚುತ್ತಿದೆ ಎಂಬುದು ಹೀಗೆ ಸಿದ್ಧವಾಯಿತು.

ವೇಗದ ಪರೀಕ್ಷೆಗೆ ಇದು ಏಕೆ ಸಿಕ್ಕಲಿಲ್ಲವೆಂಬುದೂ ಈಗ ಸ್ಪಷ್ಟ. ಆ ಪರೀಕ್ಷೆ ನಡೆಯುವುದು ಅರ್ಧ ನಿಮಿಷ. ಗಂಟೆಗೆ ಒಂಬತ್ತು ಸಲ, ಒಂದೊಂದು ಸಲ ಕಾಲು ನಿಮಿಷ ಮಾತ್ರ ಕೆಡುವ ದಾರಿಯನ್ನು ಮನಬಂದ ಕ್ಷಣದಲ್ಲಿ ಅರ್ಧ ನಿಮಿಷ ನೋಡಿದರೆ, ಹತ್ತರಲ್ಲಿ ಒಂಬತ್ತು ಬಾರಿ ಅದು ಸರಿಯಾಗಿಯೇ ಕಾಣುವುದು. ಆದುದರಿಂದ ಸೇವಾ ಕೇಂದ್ರದವರು ತಮ್ಮ ತೆರೆಯನ್ನು ನೋಡಿ “ಲೈನು ಸರಿಯಾಗಿದೆ ಸರ್” ಎಂದುದೂ ಸುಳ್ಳಲ್ಲ. ನಮ್ಮ ಹುಡುಗಿ ಸಂದರ್ಶನದಲ್ಲಿ ತೊದಲಿದುದೂ ಸುಳ್ಳಲ್ಲ. ಸರಾಸರಿಯೊಂದನ್ನೇ ನಂಬಿದವರು ಹೀಗೆ ಇಬ್ಬರೂ ನಿಜವಾಡುತ್ತ ಜಗಳವಾಡಬಹುದು.

ಗಾಜಿನ ಎಳೆಯಲ್ಲಿ ಬೆಳಕು

ಒಂಬತ್ತು ಗುಂಪುಗಳ ವೇಳೆಯನ್ನು ಬರೆದಿಟ್ಟುಕೊಂಡು ಮರುದಿನವೂ ಗಮನಿಸಿದೆವು. ಆಷಾಢದ ಗಾಳಿ ಬೀಸಿದಾಗಲೆಲ್ಲ ಪ್ರತಿಧ್ವನಿಗಳು ಕಳೆಯುತ್ತಿದ್ದುವು. ಗಾಳಿ ನಿಂತರೆ ಮರಳುತ್ತಿದ್ದುವು. ಗಾಳಿಗೂ ಅಂತರಜಾಲಕ್ಕೂ ಏನು ಸಂಬಂಧ?

ಫೈಬರ್ ಎಂಬುದು ತಲೆಗೂದಲಿಗಿಂತ ತುಸು ದಪ್ಪವಾದ, ೧೨೫ ಮೈಕ್ರೋಮೀಟರ್ ವ್ಯಾಸದ ಗಾಜಿನ ಎಳೆ. ಅದರ ನಟ್ಟನಡುವೆ ಸುಮಾರು ೯ ಮೈಕ್ರೋಮೀಟರಿನ ತಿರುಳು. ತಿರುಳಿನ ವಕ್ರೀಭವನ ಸೂಚ್ಯಂಕ ಸುತ್ತಲಿನ ಹೊದಿಕೆಯದಕ್ಕಿಂತ ಅತ್ಯಲ್ಪ ಹೆಚ್ಚು. ತಿರುಳಿನಲ್ಲಿ ಸಾಗುವ ಬೆಳಕು ಮೇರೆಯನ್ನು ಬಹಳ ಓರೆಯಾಗಿ ತಾಗುವುದರಿಂದ ಹೊರಗೆ ಹೋಗಲಾರದೆ ಒಳಕ್ಕೇ ಮರಳುತ್ತದೆ. ಇದೇ ಪ್ರೌಢಶಾಲೆಯಲ್ಲಿ ನಾವೆಲ್ಲ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಇದರಿಂದ ದೂರದ ಊರುಗಳಿಗೆ ಸುದ್ದಿಯನ್ನು ಕಳುಹಿಸಬಹುದೆಂದು ೧೯೬೬ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ತೋರಿಸಿಕೊಟ್ಟರು. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂಬುದು ಅಂದಿನ ಗುರಿ. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಅದನ್ನು ಮುಟ್ಟಿದರು. ಇಂದಿನ ಉತ್ತಮ ಗಾಜಿನಲ್ಲಿ ಹದಿನೈದು ಕಿಲೋಮೀಟರ್ ಸಾಗಿದರೂ ಅರ್ಧದಷ್ಟು ಬೆಳಕು ಉಳಿಯುತ್ತದೆ. ಕಾವ್ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದುದು ಈ ಕಾರ್ಯಕ್ಕಾಗಿಯೇ.

ಎಳೆ ನೇರವಾಗಿರುವವರೆಗೆ ಅಥವಾ ಹದವಾಗಿ ಬಾಗಿರುವವರೆಗೆ ಬೆಳಕು ಒಳಗೇ ಇರುತ್ತದೆ. ಸುರುಳಿ ಬಿಗಿಯಾದರೆ, ಬೆಳಕು ಮೇರೆಯನ್ನು ತಾಗುವ ಕೋನ ಬದಲಾಗಿ ಅದರ ಒಂದಂಶ ಹೊದಿಕೆಗೆ ನುಗ್ಗಿ ಹೊರಗೆ ಸೋರಿಹೋಗುತ್ತದೆ. ಎಳೆ ತುಂಡಾಗಬೇಕಾಗಿಲ್ಲ, ಮಡಿಸಿದರೆ ಸಾಕು.

ಮನೆಗೆ ಬರುವ ಬೆಳಕಾದರೂ ಎಷ್ಟು? ಕೇಂದ್ರದಿಂದ ಹೊರಡುವುದು ಎರಡು ಮಿಲಿವಾಟ್ ಎಂದಿಟ್ಟುಕೊಳ್ಳೋಣ. ಅದು ೩೨ ಕವಲುಗಳಾದರೆ ಒಂದೊಂದಕ್ಕೆ ೬೨ ಮೈಕ್ರೋವಾಟ್. ಕವಲು, ಬೆಸುಗೆ, ದೂರ ಇವುಗಳಲ್ಲಿ ಮತ್ತಷ್ಟು ಕಳೆದು ಮನೆಗೆ ಹತ್ತರ ಆಸುಪಾಸಿನ ಮೈಕ್ರೋವಾಟುಗಳು ತಲುಪುವುದುಂಟು. ಈ ಅಳತೆ ರೂಟರಿನ ಒಳಪುಟದಲ್ಲಿಯೇ ಬರೆದಿರುತ್ತದೆಂಬುದು ನಾವು ಆ ವಾರ ಕಂಡುಕೊಂಡ ಹೊಸ ಸಂಗತಿ. ಅಲ್ಲಿ ಅದು ಡಿಬಿಎಂ ಎಂಬ ಲಘುಗಣಕೀಯ ಏಕಮಾನದಲ್ಲಿರುತ್ತದೆ: ಸೊನ್ನೆ ಎಂದರೆ ಒಂದು ಮಿಲಿವಾಟ್, ಹತ್ತು ಇಳಿದರೆ ಹತ್ತರಲ್ಲೊಂದು ಪಾಲು, ಮೂರು ಇಳಿದರೆ ಅರ್ಧ. ಗಾಳಿಯಿಲ್ಲದಾಗ ನಮ್ಮ ರೂಟರ್ ಋಣ ೨೨, ಎಂದರೆ ೬.೩ ಮೈಕ್ರೋವಾಟ್ ತೋರಿಸಿತು. ಗಾಳಿ ಬೀಸಿದಾಗ ಋಣ ೨೯ಕ್ಕೆ, ಎಂದರೆ ೧.೩ ಮೈಕ್ರೋವಾಟಿಗೆ ಇಳಿಯಿತು. ಬೆಳಕಿನ ಐದು ಪಾಲುಗಳಲ್ಲಿ ನಾಲ್ಕು ಎಲ್ಲಿಯೋ ಸೋರುತ್ತಿತ್ತು. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಋಣ ೨೭ರವರೆಗೆ, ಎಂದರೆ ೨ ಮೈಕ್ರೋವಾಟಿನವರೆಗೆ, ಓದಬಲ್ಲ ಶಕ್ತಿ ಇರುತ್ತದೆ. ಅದಕ್ಕಿಂತ ಮಬ್ಬಾದರೆ ಅವು ಅಕ್ಷರ ತಪ್ಪುತ್ತವೆ.

ಸರದಿಯ ಗಣಿತ

ಈಗ ನಮ್ಮ ಕೈಯಲ್ಲಿ ಸಂಖ್ಯೆಗಳಿದ್ದುವು. ಮೂರನೆಯ ಬಾರಿ ಫೋನು ಮಾಡಿ ಸರದಿಯಲ್ಲಿ ಕಾಯುತ್ತ ಕುಳಿತೆವು. ನಲವತ್ತು ನಿಮಿಷ ಕಾಯಬೇಕಾಯಿತು. ಹೀಗೆ ಕಾಯಿಸುವುದು ಕೇವಲ ಉದಾಸೀನದ ಫಲವೇ? ಇದಕ್ಕೂ ಒಂದು ಗಣಿತವಿದೆ.

ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದವರು. ಕರೆಗಳು ಯಾವ ಕಟ್ಟುಪಾಡಿಗೂ ಒಳಪಡದೆ ಮನಬಂದಂತೆ ಬರುವಲ್ಲಿ ಅವುಗಳ ಸಂಖ್ಯೆ ಯಾವ ನಿಯಮವನ್ನು ಅನುಸರಿಸುತ್ತದೆಂಬುದನ್ನು ಅವರು ೧೯೦೯ರಲ್ಲಿ ತೋರಿಸಿದರು. ೧೯೧೭ರಲ್ಲಿ ಕಾಯುವ ಕಾಲದ ಸೂತ್ರಗಳನ್ನು ಪ್ರಕಟಿಸಿದರು. ಅದರ ಸಾರವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯೋಣ.

ಒಬ್ಬ ಉದ್ಯೋಗಿ ಒಂದು ಕರೆಗೆ ಸರಾಸರಿ ಆರು ನಿಮಿಷ ತೆಗೆದುಕೊಳ್ಳಲಿ. ಗಂಟೆಗೆ ಹತ್ತು ಕರೆಗಳು ಆತನ ಸಾಮರ್ಥ್ಯ. ಕರೆಗಳು ಬರುವ ಹೊತ್ತೂ ಮಾತಿನ ಉದ್ದವೂ ಗೊತ್ತುಪಾಡಿಲ್ಲದೆ ಏರುಪೇರಾಗುತ್ತಿರಲಿ. ಗಂಟೆಗೆ ಐದು ಕರೆಗಳು ಬಂದರೆ ಗ್ರಾಹಕ ಸರಾಸರಿ ೬ ನಿಮಿಷ ಕಾಯಬೇಕು. ಎಂಟು ಬಂದರೆ ೨೪ ನಿಮಿಷ. ಒಂಬತ್ತು ಬಂದರೆ ೫೪ ನಿಮಿಷ. ಒಂಬತ್ತೂವರೆಯಾದರೆ ೧೧೪ ನಿಮಿಷ! ಕೆಲಸ ಎರಡರಷ್ಟೂ ಆಗಲಿಲ್ಲ, ಕಾಯುವಿಕೆ ಹತ್ತೊಂಬತ್ತರಷ್ಟಾಯಿತು. ಉದ್ಯೋಗಿಗಳು ಹಲವರಿದ್ದರೆ ಈ ಸಂಖ್ಯೆಗಳು ಚಿಕ್ಕವಾಗುವುವು. ಆದರೆ ಪೂರ್ಣ ಸಾಮರ್ಥ್ಯದ ಅಂಚಿಗೆ ಬಂದಂತೆ ಕಾಯುವಿಕೆ ಜಿಗಿಯುವ ಗುಣ ಮಾತ್ರ ಬದಲಾಗುವುದಿಲ್ಲ. ಸಂಜೆಯ ಹೊತ್ತು ಬೀದಿಯವರೆಲ್ಲ ಚಲನಚಿತ್ರ ನೋಡಲು ಕುಳಿತಾಗ ಪೊಟ್ಟಣಗಳು ತಡವಾಗುವುದೂ ಇದೇ ಗುಣದಿಂದಲೇ.

ಇದರಿಂದ ಎರಡು ಮಾತುಗಳು ಸಿದ್ಧಿಸುತ್ತವೆ. ಮೊದಲನೆಯದು ಸಂಸ್ಥೆಯವರಿಗೆ. ಒಬ್ಬ ಉದ್ಯೋಗಿಯೂ ಕ್ಷಣಮಾತ್ರ ಬಿಡುವಾಗಿರಬಾರದೆಂದು ಲೆಕ್ಕಹಾಕಿ ಜನರನ್ನು ನೇಮಿಸಿದರೆ ಗ್ರಾಹಕರು ಗಂಟೆಗಟ್ಟಲೆ ಕಾಯುವುದು ಗಣಿತದ ಅನಿವಾರ್ಯ ಫಲ. ಉದ್ಯೋಗಿಯ ಬಿಡುವು ನಷ್ಟವಲ್ಲ. ಗ್ರಾಹಕನ ಕಾಲವನ್ನು ಕೊಳ್ಳುವ ಬೆಲೆ. ಎರಡನೆಯದು ನಮಗೆ. ಬೀರುವಿನ ಹಿಂದೆ ರೂಟರನ್ನಿಟ್ಟು ನಾವು ಮಾಡಿದ ಮೊದಲ ಎರಡು ಕರೆಗಳು ಅದೇ ಸರದಿಯಲ್ಲಿ, ನಿಜವಾಗಿಯೂ ಲೈನು ಕಡಿದುಹೋದ ಯಾರನ್ನೋ ಹಿಂದಕ್ಕೆ ತಳ್ಳಿದ್ದುವು. ಎಲ್ಲರಿಗೂ ಮೊದಲು ರೂಟರನ್ನು ಆರಿಸಿ ಹಚ್ಚಲು ಹೇಳುವುದು ನಮ್ಮಂಥವರನ್ನು ಸೋಸುವ ಜರಡಿಯೇ ಸರಿ.

ಇಲ್ಲಿ ಯಂತ್ರಗಳು ನಮಗಿಂತ ಸಭ್ಯವೆಂದು ಒಪ್ಪಬೇಕಾಗುತ್ತದೆ. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಗೆ ೪೦೦ ಗಜ ದೂರದ ವಿಶ್ವವಿದ್ಯಾನಿಲಯಕ್ಕೂ ನಡುವಿನ ವೇಗ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿಂದ ೪೦ಕ್ಕೆ ಕುಸಿಯಿತು. ಪೊಟ್ಟಣ ಕಳೆದಾಗಲೆಲ್ಲ ಗಣಕಗಳು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ಕಟ್ಟಿಹಾಕಿದ್ದುವು. ವ್ಯಾನ್ ಜೇಕಬ್ಸನ್ ಎಂಬವರು ೧೯೮೮ರಲ್ಲಿ ಪ್ರಕಟಿಸಿದ ಕ್ರಮದಂತೆ, ಪೊಟ್ಟಣ ಕಳೆದುದು ತಿಳಿದೊಡನೆ ಗಣಕಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳಲು ಕಲಿತುವು. ನಾವಾದರೋ ಕರೆ ತುಂಡಾದರೆ ಸಿಟ್ಟಿನಿಂದ ಮೂರು ಸಲ ಗುಂಡಿಯೊತ್ತುತ್ತೇವೆ!

ನಲವತ್ತು ನಿಮಿಷಗಳ ಮೇಲೆ ಸಿಕ್ಕಿದ ಉದ್ಯೋಗಿಗೆ ನಾವು ನಾಲ್ಕೇ ಸಂಗತಿಗಳನ್ನು ಹೇಳಿದೆವು: ತಂತಿಯ ಮೂಲಕ ವೇಗ ೯೪, ರೂಟರಿನವರೆಗೆ ಒಂದು ಪೊಟ್ಟಣವೂ ಕಳೆದಿಲ್ಲ, ನಿಮ್ಮ ಮೊದಲ ನಿಲ್ದಾಣಕ್ಕೆ ಗಂಟೆಯಲ್ಲಿ ೧೩೨ ಕಳೆದಿವೆ, ಗಾಳಿಗೆ ಬೆಳಕು ಋಣ ೨೨ರಿಂದ ಋಣ ೨೯ಕ್ಕೆ ಇಳಿಯುತ್ತಿದೆ. ಆತ ರೂಟರನ್ನು ಆರಿಸಲು ಹೇಳಲಿಲ್ಲ. “ಇದು ಲೈನಿನ ತೊಂದರೆ ಸರ್, ಮೇಲಿನವರಿಗೆ ಕಳಿಸ್ತೇನೆ” ಎಂದು ದೂರಿನ ಸಂಖ್ಯೆಯನ್ನು ಕೊಟ್ಟ. ಮರುದಿನವೇ ಲೈನ್‌ಮನ್ ಬಂದ. ಎಳೆಯೊಳಕ್ಕೆ ಕೆಂಪು ಬೆಳಕನ್ನು ಹಾಯಿಸಿ ಬೀದಿಯ ಕಂಬವನ್ನೇರಿ ಡಬ್ಬಿಯ ಮುಚ್ಚಳವನ್ನು ತೆರೆದ. ಒಳಗೆ ಒಂದೆಡೆ ಎಳೆ ಕೆಂಡದಂತೆ ಹೊಳೆಯುತ್ತಿತ್ತು. “ಕ್ಲಾಂಪ್ ಸಡಿಲವಾಗಿದೆ ಸರ್. ಗಾಳಿಗೆ ಕೇಬಲ್ ಎಳೀತಿದೆ, ಎಳೆದಾಗೆಲ್ಲ ಇಲ್ಲಿ ಫೈಬರ್ ಮಡಚಿಕೊಳ್ತಿದೆ” ಎಂದು ಮೇಲಿನಿಂದಲೇ ಕೂಗಿ ಹೇಳಿದ. ಕೇಬಲ್ಲನ್ನು ಬಿಗಿದು, ಎಳೆಯನ್ನು ಅಂಗೈಯಗಲದ ಸುರುಳಿಯಾಗಿ ಸುತ್ತಿಟ್ಟ. ಇಪ್ಪತ್ತು ನಿಮಿಷಗಳ ಕೆಲಸ. ಆ ಕಂಬದಿಂದ ಕವಲೊಡೆದ ಇನ್ನೂ ಎರಡು ಮನೆಗಳ ಎಳೆಗಳು ಹಾಗೆಯೇ ಮಡಚಿದ್ದುದನ್ನು ಕಂಡು ಅವನ್ನೂ ಸರಿಪಡಿಸಿ ಹೋದ.

ವಾಚಕರು ಮಾಡಬಹುದಾದುದು

ಇದಕ್ಕೆ ವಿಶೇಷ ಸಲಕರಣೆಗಳಾವುವೂ ಬೇಕಾಗಿಲ್ಲ. ಮೊದಲು ತಂತಿಯ ಮೂಲಕ ಒಮ್ಮೆ, ವೈಫೈ ಮೂಲಕ ಒಮ್ಮೆ ವೇಗವನ್ನು ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಮನೆಯದು. ಅನಂತರ ರೂಟರಿಗೂ ಹೊರಗಿನ ನಿಲ್ದಾಣಕ್ಕೂ ಒಂದು ಗಂಟೆ ಪಿಂಗ್ ಕಳುಹಿಸಿ. ಎರಡನೆಯದರಲ್ಲಿ ಮಾತ್ರ ಕಳೆದುದು ಸಂಸ್ಥೆಯವರದು. ದಿನಾಂಕ, ವೇಳೆ, ಹವೆ ಇವುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಎಳೆಯ ತುದಿಯನ್ನು ಬಿಚ್ಚಿ ಕಣ್ಣಿನಿಂದ ಇಣುಕಿ ನೋಡುವ ಸಾಹಸವನ್ನು ಮಾತ್ರ ಎಂದಿಗೂ ಮಾಡಬಾರದು; ಅದರೊಳಗಿನ ಅವಕೆಂಪು ಬೆಳಕು ಕಣ್ಣಿಗೆ ಕಾಣದು, ಆದರೆ ಕೇಡುಮಾಡಬಲ್ಲುದು.

ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿರಿ. ಅಲ್ಲಿ ನ್ಯಾಯ ದೊರಕದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ಗ್ರಾಹಕನಿಗುಂಟು. ಇದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೧೨ರಲ್ಲಿ ಮಾಡಿದ ನಿಯಮ. ಆ ಪ್ರಾಧಿಕಾರ ಒಬ್ಬೊಬ್ಬ ಗ್ರಾಹಕನ ದೂರನ್ನು ತಾನೇ ವಿಚಾರಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಈ ಮೆಟ್ಟಿಲುಗಳಲ್ಲಿ ಯಾವುದನ್ನೇರಿದರೂ, ಸಿಟ್ಟಿಗಿಂತ ಆ ಒಂದು ಹಾಳೆಯೇ ಹೆಚ್ಚು ದೂರ ಒಯ್ಯುವುದು.

ಹನ್ನೆರಡನೆಯ ದಿನ ಗಾಳಿ ಜೋರಾಗಿಯೇ ಬೀಸುತ್ತಿತ್ತು. ಹುಡುಗಿ ಅದೇ ಹಿಂದಿನ ಕೋಣೆಯಲ್ಲಿ ಕುಳಿತು ನಲವತ್ತು ನಿಮಿಷ ಮಾತಾಡಿದಳು. ಒಂದು ಮಾತೂ ಹರಿಯಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. “ಒಂದು ಪ್ರಶ್ನೆಗೆ ತಪ್ಪು ಉತ್ತರ ಹೇಳಿದೆ ಮಾಮ” ಎಂದು ಆಕೆ ಪೇಚಾಡಿಕೊಂಡಳು. ಹೇಳಿದ ತಪ್ಪು ಆಕೆಯದೇ ಆಗಿದ್ದರೆ ಅದನ್ನು ಓದಿ ತಿದ್ದಿಕೊಳ್ಳಬಹುದು. ಕಂಬದ ಮೇಲಿನ ಮಡಿಕೆಯದಾಗಿದ್ದರೆ ಆಕೆಯೇನು ಮಾಡಲಾದೀತು? ತಪ್ಪು ಯಾರದೆಂಬುದನ್ನು ಬೇರ್ಪಡಿಸಿ ತೋರಿಸುವುದೇ ಅಳತೆಯಿಂದಾಗುವ ಮೊದಲ ಉಪಕಾರ.